ಡೆಡ್‌ಲೈನ್ ಮೈಮ್ಯಾಲೆ ಬಂದಾಗಿನ ಇಂಗ್ಲಿಷ್ ನುಡಿಗಟ್ಟು: ಯಾವುದು ಎಲ್ಲಿ ಕೂಡತೈತಿ, ಯಾವುದು ಎಡವತೈತಿ?

ಘಟಪ್ರಭಾ ದಂಡಿ, ಗೋಕಾಕ
ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಾವಿ ಉದ್ಯಮಬಾಗದ ಆಫೀಸೊಂದರ ಹನ್ನೆರಡು ಮಂದಿಗೆ ಇಂಗ್ಲಿಷ್ ಪಾಠ ತಯಾರು ಮಾಡೋದೈತಿ. ಡಿಸ್ಪ್ಯಾಚ್, ಅಕೌಂಟ್ಸ್, ಕ್ವಾಲಿಟಿ ಮೂರೂ ಕಡಿಯವರು ಅದಾರ. ವ್ಯಾಕರಣ ಬರತೈತಿ, ಮೇಲ್ ಬರೀತಾರ, ಫೋನಿನ್ಯಾಗ ಮಾತಾಡತಾರ. ತೊಡಕು ಇರೋದು ನುಡಿಗಟ್ಟಿನಾಗ. ಕೆಲಸದ ಗಡಿಬಿಡಿಗೆ ಸಂಬಂಧಪಟ್ಟ ಪಟ್ಟಿ ನೆಟ್‌ನಾಗ ತಗದ್ರ ಐವತ್ತು ಸಿಗತಾವು, ಐವತ್ತಕ್ಕೂ ಒಂದ ಅರ್ಥ ಕೊಟ್ಟಿರತಾರ: "ಭಾಳ ಕಷ್ಟಪಟ್ಟು ದುಡಿ". ಎಲ್ಲಾ ಒಂದ ಆದ್ರ ಐವತ್ತು ಯಾಕ ಬೇಕ್ರಿ? ಯಾವುದನ್ನ ಯಾರ ಮುಂದ ಅನ್ನಬೇಕು, ಯಾವುದು ಅನ್ನಬಾರದು, ತಿಳದವರು ಬಿಡಿಸಿ ಹೇಳ್ರಿ.

ಏಳು ಪ್ರತಿಧ್ವನಿ, ವಿಜಯಪುರ
ಪಟ್ಟಿಯ ದೋಷವೇ ಅದು ನೋಡ್ರಿ. ನುಡಿಗಟ್ಟು ಏನನ್ನ ದೂರುತ್ತದೆ ಅನ್ನೋದರ ಮೇಲೆ ಬೇರ್ಪಡಿಸಿದರೆ ಗೊಂದಲ ಅರ್ಧ ಇಳಿಯುತ್ತದೆ. ನಾಲ್ಕು ಬುಟ್ಟಿ ಸಾಕು.

ಹೊತ್ತು ಸಾಲದ್ದಕ್ಕೆ: ಅಗೇನ್‌ಸ್ಟ್ ದ ಕ್ಲಾಕ್, ಡೌನ್ ಟು ದ ವೈರ್, ಅಟ್ ದ ಇಲೆವೆಂತ್ ಅವರ್, ಕ್ರಂಚ್ ಟೈಮ್.
ಹೊರೆ ಹೆಚ್ಚಾದದ್ದಕ್ಕೆ: ಸ್ನೋಡ್ ಅಂಡರ್, ಸ್ವಾಂಪ್ಡ್, ಅಪ್ ಟು ಮೈ ನೆಕ್, ಎ ಲಾಟ್ ಆನ್ ಮೈ ಪ್ಲೇಟ್.
ದುಡಿಮೆಗೆ: ನೋಸ್ ಟು ದ ಗ್ರೈಂಡ್‌ಸ್ಟೋನ್, ಬರ್ನ್ ದ ಮಿಡ್‌ನೈಟ್ ಆಯಿಲ್, ಪುಲ್ ಔಟ್ ಆಲ್ ದ ಸ್ಟಾಪ್ಸ್, ಎಲ್ಬೋ ಗ್ರೀಸ್.
ಮೈ ಸವೆಯುವುದಕ್ಕೆ: ಬರ್ನ್ ದ ಕ್ಯಾಂಡಲ್ ಅಟ್ ಬೋತ್ ಎಂಡ್ಸ್, ರನ್ನಿಂಗ್ ಆನ್ ಎಂಪ್ಟಿ, ಬರ್ನ್ ಔಟ್.

ಬುಟ್ಟಿ ತಪ್ಪಿದರೆ ಏನಾಗುತ್ತದೆ? ಸಾಹೇಬರು "ಆರ್ಡರ್ ಎಲ್ಲಿಗೆ ಬಂತು?" ಎಂದು ಕೇಳಿದಾಗ "ವಿ ಆರ್ ಸ್ನೋಡ್ ಅಂಡರ್" ಅಂದರೆ ಅವರ ಕಿವಿಗೆ ಬೀಳೋದು "ಬೇರೆ ಕೆಲಸ ತುಂಬಿಕೊಂಡಿವೆ, ನಿಮ್ಮದು ಮುಟ್ಟಿಲ್ಲ" ಅಂತ. "ವಿ ಆರ್ ವರ್ಕಿಂಗ್ ಅಗೇನ್‌ಸ್ಟ್ ದ ಕ್ಲಾಕ್" ಅಂದರೆ "ನಿಮ್ಮದೇ ನಡೆದಿದೆ, ಹೊತ್ತು ಕಮ್ಮಿ" ಅಂತ. ಎರಡೂ ಪಟ್ಟಿಯಲ್ಲಿ "ಬಿಜಿ" ಎಂದೇ ಇರುತ್ತವೆ, ಆದರೆ ಮೊದಲನೆಯದಕ್ಕೆ ಬೈಗುಳ ಖಾತ್ರಿ.

ಇನ್ನೊಂದು ಜೋಡಿ. ಅಗೇನ್‌ಸ್ಟ್ ದ ಕ್ಲಾಕ್ ಬೇರೆ, ಅರೌಂಡ್ ದ ಕ್ಲಾಕ್ ಬೇರೆ. ಎರಡನೆಯದು 24 ತಾಸೂ ನಿಲ್ಲದೆ ನಡೆಯೋ ಕೆಲಸ, ಸಾಮಾನ್ಯವಾಗಿ ಪಾಳಿಯ ಮೇಲೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಅರೌಂಡ್ ದ ಕ್ಲಾಕ್ ನಡೆಯುತ್ತದೆ. ಅಲ್ಲಿ ಗಡುವಿನ ಗಡಿಬಿಡಿ ಇರಲೇಬೇಕೆಂದಿಲ್ಲ.

ಕುಂದಾ ಪ್ರಿಯ, ಬೆಳಗಾವಿ
ಬರ್ನ್ ದ ಮಿಡ್‌ನೈಟ್ ಆಯಿಲ್ ಅಂದ್ರ ನಮ್ಮ "ಕಣ್ಣಿಗೆ ಎಣ್ಣಿ ಬಿಟ್ಕೊಂಡು" ಅಲ್ಲೇನ್ರಿ? ಎರಡರಾಗೂ ಎಣ್ಣಿ ಐತಿ, ಎರಡರಾಗೂ ನಿದ್ದಿ ಇಲ್ಲ. ಪಾಠಕ್ಕ ಛಲೋ ಆಕ್ಕೈತಿ.

ಇಳಕಲ್ ಸೆರಗು, ಬಾಗಲಕೋಟೆ
ಕುಂದಾ ಅವರೇ, ಎಣ್ಣೆ ಒಂದೇ ಇರಬಹುದು, ಬಿಟ್ಟ ಜಾಗ ಬೇರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನು ಕಾಯುತ್ತಾನೆ: ಹೊಲ ಕಾಯುವವನು, ಗೋದಾಮಿನ ಕಾವಲುಗಾರ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕ. ಅಲ್ಲಿ ಮುಖ್ಯವಾದದ್ದು ಎಚ್ಚರ. ಇಂಗ್ಲಿಷಿನ ಎಣ್ಣೆ ದೀಪದ್ದು. ಅದರ ಬೆಳಕಿನಲ್ಲಿ ಓದು, ಬರಹ, ಲೆಕ್ಕ ನಡೆಯಬೇಕು. ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಇಂಗ್ಲಿಷ್ ಕವಿಯ 1635ರ ಪುಸ್ತಕದಲ್ಲಿ ಹಗಲಿನ ಬೆವರಿಗೆ ಜೋಡಿಯಾಗಿ ನಡುರಾತ್ರಿಯ ಎಣ್ಣೆ ಬರುತ್ತದೆ. ಹಗಲು ಮೈದುಡಿಮೆ, ರಾತ್ರಿ ತಲೆದುಡಿಮೆ. ಇದಕ್ಕಿಂತ ಬಹಳ ಹಿಂದೆಯೇ ಗ್ರೀಕ್ ವಾಗ್ಮಿ ಡೆಮಾಸ್ತನೀಸನ ಭಾಷಣಗಳು ದೀಪದ ಬತ್ತಿಯ ವಾಸನೆ ಹೊಡೆಯುತ್ತವೆ ಎಂದು ಅವನ ಎದುರಾಳಿ ಹಂಗಿಸಿದ್ದನ್ನು ಪ್ರಾಚೀನ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ. ರಾತ್ರಿಯೆಲ್ಲ ಕುಳಿತು ತಿದ್ದಿದ ಭಾಷಣ, ಸಹಜವಾಗಿ ಬಂದದ್ದಲ್ಲ ಎಂಬ ಚುಚ್ಚು ಅದು.

ಆದ್ದರಿಂದ ಮೇಜಿನ ಕೆಲಸಕ್ಕೆ ಮಾತ್ರ ಇದು ಚೆನ್ನಾಗಿ ಒಗ್ಗುತ್ತದೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಮರುದಿನದ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಇಲಾಖೆ ಸಿಬ್ಬಂದಿ ಮಿಡ್‌ನೈಟ್ ಆಯಿಲ್ ಸುಡುತ್ತಾರೆ. ಕುಲುಮೆಯ ಮುಂದೆ ಮೂರನೇ ಪಾಳಿಯಲ್ಲಿ ನಿಂತವರು ಸುಡುವುದಿಲ್ಲ. ಅದು ಅವರ ಪಾಳಿ, ಗೊತ್ತುಮಾಡಿದ ಹೊತ್ತು. ಈ ನುಡಿಗಟ್ಟಿಗೆ "ಮಲಗಬೇಕಾದ ಹೊತ್ತಿನಲ್ಲಿ" ಎಂಬ ಒಳಷರತ್ತು ಇದೆ.

ಕನ್ನಡಕ್ಕೆ ತರುವುದಾದರೆ "ನಿದ್ದೆಗೆಟ್ಟು ಕುಳಿತು". "ಹಗಲು ರಾತ್ರಿ ಒಂದು ಮಾಡಿ" ಎಂದರೆ ಅರೌಂಡ್ ದ ಕ್ಲಾಕ್ ಕಡೆ ವಾಲುತ್ತದೆ.

ಸಾಣಿಕಲ್ಲು, ಬೆಳಗಾವಿ
ಅಕ್ಕಾರು ಹೇಳಿದ್ದು ಖರೆ. ಅದರ ಜೋಡಿಗೆ ಪುಲ್ ಆನ್ ಆಲ್‌ನೈಟರ್ ಇಡ್ರಿ. ರಾತ್ರಿ ಒಂದರ ತನಕ ಕುಂತು ಮಲಗಿದ್ರ ಅದು ಆಲ್‌ನೈಟರ್ ಅಲ್ಲ. ಪೂರ್ತಿ ರಾತ್ರಿ, ಬೆಳಗಾಗೂ ತನಕ ಮಲಗಿರಬಾರದು. ಕಾಲೇಜಿನವರ, ಐಟಿಯವರ ಮಾತು ಅದು. ದೋಸ್ತರ ನಡುವ ನಡೀತೈತಿ, ಟೆಂಡರ್ ಪತ್ರದಾಗ ನಡಿಯೂದಿಲ್ಲ. ಕ್ರಿಯಾಪದ "ಪುಲ್" ಅನ್ನೂದನ್ನ ಬಿಟ್ಟು "ಡು" ಹಾಕಿದ್ರ ಅರ್ಥ ತಿಳೀತೈತಿ, ಆದ್ರ ಕಲತ ಇಂಗ್ಲಿಷ್ ಅಂತ ಗುರುತು ಹತ್ತತೈತಿ.

ನನ್ನ ಹೆಸರಿನ ನುಡಿಗಟ್ಟಿಗೆ ಬರೂಣು. ನೋಸ್ ಟು ದ ಗ್ರೈಂಡ್‌ಸ್ಟೋನ್ ಅನ್ನೂದನ್ನ ಭಾಳ ಮಂದಿ ಬೀಸುಕಲ್ಲು ಅಂತ ತಿಳಕೊಂಡಾರ. ಅಲ್ಲ. ಗ್ರೈಂಡ್‌ಸ್ಟೋನ್ ಅಂದ್ರ ಸಾಣಿಕಲ್ಲು, ಚಾಕು-ಕುಡಗೋಲು ಹರಿತ ಮಾಡೂ ತಿರುಗೂ ಕಲ್ಲು. ಬೀಸುಕಲ್ಲಿಗೆ ಇಂಗ್ಲಿಷಿನಾಗ ಮಿಲ್‌ಸ್ಟೋನ್. ಅದರ ನುಡಿಗಟ್ಟ ಬ್ಯಾರೆ: ಎ ಮಿಲ್‌ಸ್ಟೋನ್ ಅರೌಂಡ್ ದ ನೆಕ್, ಕೊರಳಿಗೆ ಕಟ್ಟಿದ ಕಲ್ಲು, ಇಳಿಸಲಾಗದ ಭಾರ. ಇವೆರಡು ಕಲ್ಲು ಕಲಸಿದ್ರ ವಾಕ್ಯ ಕೆಟ್ಟಂಗ.

1532ರಾಗ ಬರದದ್ದರಾಗ ಈ ಮಾತು ಸಿಗತೈತಿ, ಆದ್ರ ಆಗ ಇನ್ನೊಬ್ಬರ ಮೂಗನ್ನ ಕಲ್ಲಿಗೆ ಒತ್ತಿ ಹಿಡಿಯೂದು, ಅಂದ್ರ ಗೋಳು ಹೊಯ್ಕೊಳ್ಳೂದು ಅನ್ನೂ ಅರ್ಥ. ಮುಂದ ತನ್ನ ಮೂಗನ್ನ ತಾನ ಇಟ್ಟಕೊಳ್ಳೂದು ಆತು. ಈಗಿನ ಬಳಕಿ: ಬಿಡದಂಗ, ಬ್ಯಾಸರಾದರೂ, ದಿನಾ ಅದ ಕೆಲಸ. ಒಂದು ರಾತ್ರಿ ಓಡಾಟಕ್ಕ ಇದನ್ನ ಹಾಕಬ್ಯಾಡ್ರಿ. ವಾರಗಟ್ಟಲೆ ತಿಂಗಳಗಟ್ಟಲೆ ನಡಿಯೂ ಕೆಲಸಕ್ಕ ಹಾಕ್ರಿ. "ಕೀಪ್ ಯುವರ್ ನೋಸ್" ಅಂತ ಕೈಕೆಳಗಿನವರಿಗೆ ಹೇಳಿದ್ರ ಬುದ್ಧಿವಾದ ಆಗತೈತಿ, ಮ್ಯಾಲಿನವರಿಗೆ ಹೇಳಿದ್ರ ಉದ್ಧಟತನ.

ಕ್ವಾಲಿಟಿ, ಫೆಟ್ಲಿಂಗ್ (ಎರಕದ ಮಾಲು ತಿಕ್ಕಿ ನಯ ಮಾಡೂ) ಕಡಿಯವರಿಗೆ ಇದನ್ನ ಹೇಳಿಕೊಡುವಾಗ ಗ್ರೈಂಡಿಂಗ್ ವೀಲ್ ಮುಂದ ನಿಲ್ಲಿಸಿ ತೋರಸ್ರಿ, ಜನ್ಮದಾಗ ಮರಿಯೂದಿಲ್ಲ. ಮೂಗು ಮಾತ್ರ ದೂರ ಇರಲಿ.

ಕುಂದಾ ಪ್ರಿಯ, ಬೆಳಗಾವಿ
"ಗಾಣದ ಎತ್ತು" ಹೊಂದತೈತೇನ್ರಿ ಹಂಗಾರ?

ಸಾಣಿಕಲ್ಲು, ಬೆಳಗಾವಿ
ಅರ್ಧ. ಗಾಣದೆತ್ತಿನಾಗ "ಎಷ್ಟು ತಿರಗಿದ್ರೂ ಇದ್ದಲ್ಲೇ" ಅನ್ನೂ ಕನಿಕರ ಐತಿ. ಅದಕ್ಕ ಇಂಗ್ಲಿಷಿನಾಗ ಟ್ರೆಡ್‌ಮಿಲ್ ಹತ್ರ. ಗ್ರೈಂಡ್‌ಸ್ಟೋನ್‌ದಾಗ ಕೆಲಸ ಮುಂದ ಹೋಗತೈತಿ.

ಮಾರ್ಚ್ ಎಂಡ್, ವಿಜಯಪುರ
ನುಡಿಗಟ್ಟಿಗಿಂತ ಮೊದಲು ಮೂರು ಜೋಡಿ ಚಿಕ್ಕ ಪದ ಕಲಿಸಿ. ಡೆಡ್‌ಲೈನ್ ತಪ್ಪೋದು ಹೆಚ್ಚಾಗಿ ಅಲ್ಲೇ.

ಬೈ ಮತ್ತು ಅಂಟಿಲ್. "20ರೊಳಗ ಕೊಡ್ರಿ" ಅಂದರೆ ಬೈ ದ 20ತ್. "20ರ ತನಕ ಆಫೀಸ್ ತೆರೆದಿರತದ" ಅಂದರೆ ಅಂಟಿಲ್. "ಸಬ್‌ಮಿಟ್ ಅಂಟಿಲ್ 20ತ್" ತಪ್ಪು. ನಮ್ಮಲ್ಲಿ "20ರ ತನಕ ಕೊಡಬಹುದು" ಅನ್ನೋ ರೂಢಿ ಇರೋದರಿಂದ ಈ ತಪ್ಪು ಬಿಡಿಸೋದು ಕಷ್ಟ.

ಬೈ ಮತ್ತು ಬಿಫೋರ್. ಬೈ ದ 20ತ್ ಅಂದರೆ 20ನೇ ತಾರೀಖು ಸೇರಿತು. ಬಿಫೋರ್ ದ 20ತ್ ಅಂದರೆ 19ಕ್ಕೆ ಮುಗೀತು. ಕನ್ನಡದ "20ರೊಳಗ" ಎರಡನ್ನೂ ಹೊರತದ, ಅದಕ್ಕೇ ಜಗಳ.

ಇನ್ ಮತ್ತು ವಿದಿನ್. "ಎರಡು ದಿವಸದಾಗ ಕಳಿಸ್ತೀವಿ" ಅನ್ನೋದನ್ನ "ಇನ್ ಟೂ ಡೇಸ್" ಅಂತ ಬರೀತಾರ. ಓದುವವನಿಗೆ ಅದು "ಎರಡು ದಿನ ಕಳೆದ ಮೇಲೆ". ನೀವು ನಾಳೆಯೇ ಕಳಿಸೋದಿದ್ದರೆ ವಿದಿನ್ ಟೂ ಡೇಸ್ ಬರೀರಿ.

ಅಕೌಂಟ್ಸ್ ಮಂದಿಗೆ ಇನ್ನೊಂದು. ಕಾನೂನಿನ ತಾರೀಖಿಗೆ ಡೆಡ್‌ಲೈನ್ ಬದಲು ಡ್ಯೂ ಡೇಟ್ ಅನ್ನಿ. ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಸಲ್ಲಿಸೋರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿ (ತೆರಿಗೆಯ ಸಾರಾಂಶ) 20. ಕಂಪನಿಯವರು ಹಿಡಿದ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟೋದು 7ಕ್ಕೆ, ಮಾರ್ಚ್ ತಿಂಗಳದ್ದು ಮಾತ್ರ ಏಪ್ರಿಲ್ 30. ಸರಕಾರ ತಾರೀಖು ಮುಂದೂಡಿದರೆ "ಎಕ್ಸ್‌ಟೆಂಡೆಡ್". ಪತ್ರದಲ್ಲಿ "ಪುಶ್ಡ್ ಬ್ಯಾಕ್" ಬರೆದರೆ ಹಗುರ ಕಾಣತದ.

ಘಟಪ್ರಭಾ ದಂಡಿ, ಗೋಕಾಕ
ಸರ್, ಅಲ್ಲೇ ಒಂದು ಸಂಶಯ. ಪುಶ್ ಬ್ಯಾಕ್ ಅಂದ್ರ ಹಿಂದಕ್ಕ ತಳ್ಳೂದು. ಹಂಗಾದ್ರ ತಾರೀಖು ಜಲ್ದಿ ಆಗಬೇಕಲ್ಲ? ನಿನ್ನಿ ಸ್ಯಾಂಪಲ್ ಮೇಲ್ ಬರೀರಿ ಅಂದ್ರ ಹನ್ನೆರಡರಾಗ ಐದು ಮಂದಿ ಉಲ್ಟಾ ಬರದ್ರು.

ಇಳಕಲ್ ಸೆರಗು, ಬಾಗಲಕೋಟೆ
ಈ ಎಡವಟ್ಟು ಕನ್ನಡದಿಂದಲೇ ಬರುತ್ತದೆ. ನಮ್ಮಲ್ಲಿ "ಸಭೆ ಮುಂದಕ್ಕೆ ಹೋಯಿತು", "ಪರೀಕ್ಷೆ ಮುಂದೂಡಿದರು" ಎಂದರೆ ತಡವಾಯಿತು ಎಂದೇ ಅರ್ಥ. ಕಾಲದ ದಾರಿಯಲ್ಲಿ ನಾವು ಮುಂದೆ ನೋಡುತ್ತ ನಡೆಯುತ್ತಿದ್ದೇವೆ, ಸಭೆಯನ್ನು ಇನ್ನಷ್ಟು ಮುಂದಕ್ಕೆ, ನಮ್ಮಿಂದ ದೂರಕ್ಕೆ ಸರಿಸಿದೆವು. ಇಂಗ್ಲಿಷಿನಲ್ಲಿ ಬ್ರಿಂಗ್ ಫಾರ್ವರ್ಡ್ ಎಂದರೆ ಸಭೆಯೇ ನಮ್ಮತ್ತ ನಡೆದು ಬಂತು, ಅಂದರೆ ಬೇಗ ಆಯಿತು. ಪುಶ್ ಬ್ಯಾಕ್, ಪುಟ್ ಬ್ಯಾಕ್ ಎಂದರೆ ನಮ್ಮತ್ತ ಬರುತ್ತಿದ್ದುದನ್ನು ಹಿಂದಕ್ಕೆ ನೂಕಿದೆವು, ತಡವಾಯಿತು. ದಿಕ್ಕು ಪೂರ್ತಿ ತಿರುವುಮುರುವು. ನಿಮ್ಮ ಐವರೂ ಕನ್ನಡದ ತರ್ಕವನ್ನು ಸರಿಯಾಗಿಯೇ ಹಿಡಿದಿದ್ದಾರೆ, ಆದ್ದರಿಂದಲೇ ತಪ್ಪಿದ್ದಾರೆ.

ಇದರಲ್ಲಿ ಇಂಗ್ಲಿಷಿನವರಿಗೂ ಗಟ್ಟಿ ನೆಲವಿಲ್ಲ ಎನ್ನುವುದು ಸಮಾಧಾನ. "ಬುಧವಾರದ ಸಭೆ ಎರಡು ದಿನ ಮೂವ್ಡ್ ಫಾರ್ವರ್ಡ್, ಈಗ ಯಾವ ವಾರ?" ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿಗಳು ಇಂಗ್ಲಿಷ್ ಮಾತೃಭಾಷೆಯವರ ಮುಂದೆ ಇಟ್ಟಾಗ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ. ಹಾಗಾಗಿ ಮೂವ್ ಫಾರ್ವರ್ಡ್ ಅನ್ನು ತಾರೀಖಿನ ಜೊತೆ ಬಳಸಲೇಬೇಡಿ. ಬ್ರಿಂಗ್ ಫಾರ್ವರ್ಡ್, ಪುಶ್ ಬ್ಯಾಕ್, ಪೋಸ್ಟ್‌ಪೋನ್ ಮೂರರಲ್ಲಿ ಅಂಥ ಗೊಂದಲವಿಲ್ಲ. ಪ್ರೀಪೋನ್ ನಮ್ಮ ದೇಶದ ಇಂಗ್ಲಿಷಿನ ಒಳ್ಳೆಯ ಪದ. ಪುಣೆಯ ಗಿರಾಕಿಗೆ ಧಾರಾಳವಾಗಿ ಬರೆಯಿರಿ, ಜರ್ಮನಿಯವರಿಗೆ ಬರೆದರೆ ಅವರು ನಿಘಂಟು ತೆಗೆಯಬೇಕಾದೀತು.

ಯಾವ ಪದ ಹಾಕಿದರೂ ಹಳೆಯ ತಾರೀಖು, ಹೊಸ ತಾರೀಖು ಎರಡನ್ನೂ ಅದೇ ಸಾಲಿನಲ್ಲಿ ಬರೆಸಿ: "ಫ್ರಮ್ 12 ಮಾರ್ಚ್ ಟು 14 ಮಾರ್ಚ್". ಆಗ ನುಡಿಗಟ್ಟು ತಪ್ಪಿದರೂ ಲಾರಿ ತಪ್ಪುವುದಿಲ್ಲ.

ಅಂದಹಾಗೆ ಪುಶ್‌ಬ್ಯಾಕ್ ಎಂದು ಕೂಡಿಸಿ ನಾಮಪದವಾಗಿ ಬರೆದರೆ ಅದಕ್ಕೆ ವಿರೋಧ, ಪ್ರತಿರೋಧ ಎಂದರ್ಥ. ತಾರೀಖಿಗೆ ಸಂಬಂಧವೇ ಇಲ್ಲ.

ಕುಂದಾ ಪ್ರಿಯ, ಬೆಳಗಾವಿ
ಡೆಡ್‌ಲೈನ್ ಅನ್ನೂ ಹೆಸರ ಯಾಕ ಹಂಗ ಬಂತ್ರಿ? ಸಾಯೂ ಗೆರಿ?

ಏಳು ಪ್ರತಿಧ್ವನಿ, ವಿಜಯಪುರ
ಖರೇನ ಸಾಯೋ ಗೆರೆ. ಅಮೆರಿಕದ ಅಂತರ್ಯುದ್ಧದಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ, 1864ರಲ್ಲಿ, ಹೊರಗೋಡೆಯಿಂದ ಸುಮಾರು 20 ಅಡಿ ಒಳಗೆ ಕಟ್ಟಿಗೆಯ ಸಣ್ಣ ಬೇಲಿ ಹಾಕಿದ್ದರು. ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೀಬಹುದಿತ್ತು. ಆಮೇಲೆ ಛಾಪಖಾನೆಯಲ್ಲಿ, ಯಂತ್ರದ ಮೇಲೆ ಅಚ್ಚು ಮೂಡದ ಅಂಚಿನ ಗೆರೆಗೂ ಇದೇ ಹೆಸರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ "ಸುದ್ದಿ ಕೊಡೋ ಕೊನೇ ಹೊತ್ತು" ಅನ್ನೋ ಅರ್ಥ ನೆಲೆಯಾಯಿತು.

ಇದರ ಜೊತೆ ಬರೋ ಕ್ರಿಯಾಪದ ಕಲಿಸಿ: ಮೀಟ್ ಎ ಡೆಡ್‌ಲೈನ್, ಮಿಸ್ ಎ ಡೆಡ್‌ಲೈನ್, ಸೆಟ್ ಎ ಡೆಡ್‌ಲೈನ್. "ರೀಚ್ ದ ಡೆಡ್‌ಲೈನ್" ಅನ್ನೋದು ನಮ್ಮ "ಗುರಿ ಮುಟ್ಟು"ವಿನ ನೆರಳು, ಬಿಡಿ. "ಕ್ರಾಸ್ ದ ಡೆಡ್‌ಲೈನ್" ಇನ್ನೂ ಕೆಟ್ಟದ್ದು. ನಮ್ಮವರು "ದಾಟಿದೆವು" ಅಂತ ಗೆದ್ದ ಸಂತೋಷದಲ್ಲಿ ಬರೀತಾರೆ, ಓದುವವನಿಗೆ ತಡವಾಯಿತು ಅಂತ ಕಾಣತದೆ.

ಇಲೆವೆಂತ್ ಅವರ್ ಬಗ್ಗೆಯೂ ಹೇಳಿಬಿಡ್ತೀನಿ. ರಾತ್ರಿ ಹನ್ನೊಂದು ಗಂಟೆ ಅಂತ ಹೇಳಿಕೊಡೋರು ಇದ್ದಾರೆ. ಅದು ಬೈಬಲ್ಲಿನ ಮತ್ತಾಯನ ಸುವಾರ್ತೆ, 20ನೇ ಅಧ್ಯಾಯದ ಕಥೆ. ದ್ರಾಕ್ಷಿ ತೋಟದ ಯಜಮಾನ ಬೆಳಗಿನಿಂದ ಆಳು ಕರೀತಾ ಹೋಗ್ತಾನೆ, ಕೊನೇ ತಂಡವನ್ನ ಹನ್ನೊಂದನೇ ತಾಸಿಗೆ ಕರೀತಾನೆ, ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಡ್ತಾನೆ. ತಿಕೋಟಾ ಕಡೆ ತೋಟದವರಿಗೆ ಈ ಕಥೆ ಹೇಳಿದರೆ ಬೆಳಗಿನ ಆಳುಗಳ ಸಿಟ್ಟು ತಟ್ಟನೆ ಅರ್ಥವಾಗತದೆ. ಹಗಲನ್ನ ಹನ್ನೆರಡು ತಾಸು ಮಾಡಿ ಸೂರ್ಯೋದಯದಿಂದ ಎಣಿಸಿದರೆ ಹನ್ನೊಂದನೆಯದು ಸುಮಾರು ಸಂಜೆ ಐದು. ಅಂದರೆ ಇನ್ನೂ ಒಂದು ತಾಸು ಉಳಿದಿದೆ! ಗಡುವು ಮುಗಿದ ಮೇಲೆ ಇಲೆವೆಂತ್ ಅವರ್ ಅನ್ನೋಹಾಗಿಲ್ಲ. ಕನ್ನಡದ "ಕೊನೇ ಗಳಿಗೆ" ಹತ್ತಿರದ್ದು. ಗಳಿಗೆ 24 ನಿಮಿಷ ಆದ್ದರಿಂದ ನಮ್ಮದು ಸ್ವಲ್ಪ ಬಿಗಿ.

ಡೌನ್ ಟು ದ ವೈರ್ ಕುದುರೆ ಜೂಜಿನದು. ಗುರಿಗೆರೆಯ ಮೇಲೆ ತಂತಿ ಕಟ್ಟಿರುತ್ತಿತ್ತು. ಯಾರು ಗೆಲ್ಲುತ್ತಾರೋ ಕೊನೆಯವರೆಗೂ ಗೊತ್ತಾಗದ ಸ್ಥಿತಿಗೆ ಮಾತ್ರ ಬಳಸಿ. ಕೊನೇ ದಿನ ಸಲ್ಲಿಸಿದ್ದಕ್ಕೆಲ್ಲ ಇದು ಬರೋದಿಲ್ಲ.

ಸಾಣಿಕಲ್ಲು, ಬೆಳಗಾವಿ
ಪುಲ್ ಔಟ್ ಆಲ್ ದ ಸ್ಟಾಪ್ಸ್ ಯಾರಾರ ಬಿಡಸ್ರಿ. "ಅಡ್ಡಿ ಎಲ್ಲಾ ಕಿತ್ತು ಹಾಕೂದು" ಅಂತ ಕಲಿಸೂದು ನೋಡಿ ನೋಡಿ ಸಾಕಾಗೇತಿ.

ಇಳಕಲ್ ಸೆರಗು, ಬಾಗಲಕೋಟೆ
ಹಾರ್ಮೋನಿಯಂ ವಾದಕ ರಾಮಭಾವು ಬಿಜಾಪುರೆಯವರ ಬೆಳಗಾವಿಯಲ್ಲಿ ಇದನ್ನು ಕಲಿಸುವುದು ಎಲ್ಲಕ್ಕಿಂತ ಸುಲಭವಾಗಬೇಕು. ಹಾರ್ಮೋನಿಯಂ ಮುಂಭಾಗದ ಗುಂಡಿಗಳನ್ನು ನೋಡಿ. ಎಳೆದರೆ ಗಾಳಿ ರೀಡಿನ ಆ ಸಾಲಿಗೆ ನುಗ್ಗುತ್ತದೆ, ಒತ್ತಿದರೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟಾಪ್. ಚರ್ಚಿನ ದೊಡ್ಡ ಪೈಪ್ ಆರ್ಗನ್‌ನಲ್ಲಿ ಇಂಥವು ಹತ್ತಾರು ಇರುತ್ತವೆ. ಎಲ್ಲವನ್ನೂ ಹೊರಕ್ಕೆ ಎಳೆದರೆ ಎಲ್ಲ ಕೊಳವೆಗಳೂ ಒಟ್ಟಿಗೆ ಮೊಳಗುತ್ತವೆ. ಇಂಗ್ಲಿಷ್ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ 1865ರ ಪ್ರಬಂಧ ಸಂಕಲನದಲ್ಲಿ ಇದನ್ನು ರೂಪಕವಾಗಿ ಬಳಸಿದ್ದಾನೆ. ಅರ್ಥ: ಇರುವ ಶಕ್ತಿ, ಸಾಧನ, ಮಂದಿ ಎಲ್ಲವನ್ನೂ ಒಮ್ಮೆಗೇ ತೊಡಗಿಸುವುದು.

ಇಲ್ಲಿ ತಪ್ಪುವುದು ಎರಡು ಕಡೆ. ಒಂದು, ಔಟ್ ಬಿಟ್ಟು "ಪುಲ್ ಆಲ್ ದ ಸ್ಟಾಪ್ಸ್" ಎನ್ನುವುದು. ಎರಡು, ಒಬ್ಬನ ಸಣ್ಣ ಕೆಲಸಕ್ಕೆ ಹಾಕುವುದು. ಒಂದು ವೋಚರ್ ಹುಡುಕಲು ಯಾರೂ ಸ್ಟಾಪ್ಸ್ ಎಳೆಯುವುದಿಲ್ಲ. ಹೆಚ್ಚುವರಿ ಪಾಳಿ, ಬಾಡಿಗೆ ಯಂತ್ರ, ರಜೆ ರದ್ದು, ಹೀಗೆ ಮೂರ್ನಾಲ್ಕು ಕಡೆಯಿಂದ ಬಲ ಸೇರಿದಾಗ ಅದು ಸಲ್ಲುತ್ತದೆ. ಹುಡುಕಾಟಕ್ಕಾದರೆ ಲೀವ್ ನೋ ಸ್ಟೋನ್ ಅನ್‌ಟರ್ನ್ಡ್ ಇದೆ, ಅದನ್ನು ಗಡುವಿನ ದುಡಿಮೆಗೆ ಎಳೆದು ತರಬೇಡಿ.

ಕ್ಯಾಂಡಲ್ ಅಟ್ ಬೋತ್ ಎಂಡ್ಸ್ ಕೂಡ ಹೊಗಳಿಕೆಯಲ್ಲ ಎಂಬುದನ್ನು ಒತ್ತಿ ಹೇಳಿ. 1611ರ ಕಾಟ್‌ಗ್ರೇವ್ ಎಂಬವನ ಫ್ರೆಂಚ್-ಇಂಗ್ಲಿಷ್ ನಿಘಂಟಿನಲ್ಲಿ ಅದರ ಫ್ರೆಂಚ್ ರೂಪ ಸಿಗುತ್ತದೆ. ಆಗ ಆಸ್ತಿ ಕರಗಿಸುವುದಕ್ಕೆ ಹೇಳುತ್ತಿದ್ದರು. ಈಗ ಕರಗುವುದು ಮೈ: ತಡವಾಗಿ ಮಲಗಿ, ಬೇಗ ಎದ್ದು, ನಡುವೆ ಬಿಡುವಿಲ್ಲದೆ. "ನಮ್ಮ ತಂಡ ಬರ್ನಿಂಗ್ ದ ಕ್ಯಾಂಡಲ್ ಅಟ್ ಬೋತ್ ಎಂಡ್ಸ್" ಎಂದು ಗಿರಾಕಿಗೆ ಬರೆದರೆ "ಇವರು ಸುಸ್ತಾಗಿದ್ದಾರೆ, ಮಾಲಿನಲ್ಲಿ ತಪ್ಪು ಬರಬಹುದು" ಎಂದು ಓದಿಕೊಳ್ಳುತ್ತಾರೆ. ಮಿಡ್‌ನೈಟ್ ಆಯಿಲ್‌ಗೆ ಮೆಚ್ಚುಗೆ, ಕ್ಯಾಂಡಲ್‌ಗೆ ಕಳವಳ. ಬರ್ನ್ ಔಟ್ ಇನ್ನೂ ಮುಂದಿನ ಹಂತ, ಅದು ಬರೀ ನುಡಿಗಟ್ಟಾಗಿ ಉಳಿದಿಲ್ಲ: 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ ಅದರ ಬಗ್ಗೆ ಬರೆದ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ತನ್ನ ಐಸಿಡಿ-11 ವರ್ಗೀಕರಣದಲ್ಲಿ ಅದನ್ನು ರೋಗವೆಂದಲ್ಲ, ಉದ್ಯೋಗ ಸಂಬಂಧಿ ವಿದ್ಯಮಾನವೆಂದು ವಿವರಿಸಿತು. ಒಂದು ದಿನದ ದಣಿವಿಗೆ ಈ ಪದ ದೊಡ್ಡದಾಯಿತು.

ಮಾರ್ಚ್ ಎಂಡ್, ವಿಜಯಪುರ
ಹೊರೆಯ ಬುಟ್ಟಿಗೆ ಪ್ರಿಪೊಸಿಷನ್ ಎಚ್ಚರ. ಸ್ನೋಡ್ ಅಂಡರ್ ವಿತ್ ವರ್ಕ್. ಸ್ವಾಂಪ್ಡ್ ವಿತ್ ಇನ್‌ವಾಯ್ಸಸ್. ಆದರೆ ಅಪ್ ಟು ಮೈ ನೆಕ್ ಇನ್ ಇನ್‌ವಾಯ್ಸಸ್. ವಿತ್ ಮತ್ತು ಇನ್ ಅದಲುಬದಲಾದರೆ ಕಿವಿಗೆ ಕಲ್ಲು ಸಿಕ್ಕಂಗ.

"ಕುತ್ತಿಗಿಗೆ ಬಂತು" ಅಂತ ಕನ್ನಡದಲ್ಲಿ ಅಂದರೆ ಸಂಕಟ, ಜವಾಬ್ದಾರಿ ಮೈಮೇಲೆ ಬಿತ್ತು ಅಂತ. ಅಪ್ ಟು ಮೈ ನೆಕ್ ಅಂದರೆ ಬರೀ ಕೆಲಸದ ರಾಶಿ. ಅನುವಾದ ಮಾಡಬೇಡಿ.

ಸಾಣಿಕಲ್ಲು, ಬೆಳಗಾವಿ
ಎ ಲಾಟ್ ಆನ್ ಮೈ ಪ್ಲೇಟ್ ಅನ್ನೂದೂ ಹಂಗ. ನಮ್ಮ ಕಡಿ ತಾಟ ತುಂಬಿದ್ರ ಸುಗ್ಗಿ, ಇಂಗ್ಲಿಷಿನಾಗ ತಾಟ ತುಂಬಿದ್ರ "ಇನ್ನ ಬಡಸಬ್ಯಾಡ್ರಿ". ಹೊಸಾ ಕೆಲಸ ಬ್ಯಾಡ ಅನ್ನಾಕ ಇದಕ್ಕಿಂತ ಮರ್ಯಾದಿ ಮಾತು ಇಲ್ಲ. ಒಂದ ಶರತ್ತು: ಹಿಂದ ಕಾರಣ ಇರಬೇಕು. "ಐ ಹ್ಯಾವ್ ಎ ಲಾಟ್ ಆನ್ ಮೈ ಪ್ಲೇಟ್ ದಿಸ್ ವೀಕ್, ಕ್ಯಾನ್ ಐ ಟೇಕ್ ಇಟ್ ಅಪ್ ಆನ್ ಮಂಡೇ?" ಅಷ್ಟ ಸಾಕು.

ಬೆನ್ನಿನ ಮಾತೂ ನೋಡ್ರಿ. "ಬೆನ್ನು ಬಗ್ಗಿಸಿ ದುಡಿ" ಅನ್ನೂದನ್ನ ಬೆಂಡ್ ಓವರ್ ಬ್ಯಾಕ್‌ವರ್ಡ್ಸ್ ಅಂತ ಮಾಡಿಬಿಡತಾರ. ಅದು ಹಿಂದಕ್ಕ ಬಗ್ಗೂದು, ಒಬ್ಬರನ್ನ ಖುಷಿಪಡಿಸಾಕ ಆಗದ್ದೂ ಮಾಡೂದು. ಮುಂದಕ್ಕ ಬಗ್ಗಿ ದುಡಿಯೂದಕ್ಕ ಬ್ರೇಕ್ ಯುವರ್ ಬ್ಯಾಕ್ ಹತ್ರ. ನಾಯಿದೂ ಹಂಗ. ವರ್ಕ್ ಲೈಕ್ ಎ ಡಾಗ್ ಅಂತ ತನ್ನ ಬಗ್ಗೆ ತಾನ ಅಂದ್ರ ನಡೀತೈತಿ. ನಮ್ಮಲ್ಲಿ ದುಡಿಯೂದು ಎತ್ತು, ಕತ್ತಿ. ನಾಯಿಗೆ ಬರೇ ಪಾಡು. ಕೈಕೆಳಗಿನವರಿಗೆ "ಯು ವರ್ಕ್ ಲೈಕ್ ಎ ಡಾಗ್" ಅಂದು, ಅವರು ಅದನ್ನ ಕನ್ನಡದಾಗ ಕೇಳಿಸಿಕೊಂಡ್ರ, ಮರುದಿನ ಹಾಜರಿ ಬೀಳೂದಿಲ್ಲ.

ಕಟ್ ಕಾರ್ನರ್ಸ್ ಅನ್ನೂದನ್ನ "ಶಾರ್ಟ್‌ಕಟ್ ಹಿಡದು ಜಲ್ದಿ ಮುಗಿಸಿದೆವು" ಅಂತ ಹೆಮ್ಮಿಲೆ ಬರಿಯೂದೂ ಐತಿ. ಅದು ಗುಣಮಟ್ಟ ತಿಂದು ಮುಗಿಸೂದು. ಆಡಿಟ್‌ದವರ ಮುಂದ ಆ ಎರಡು ಪದ ಬಾಯಿಂದ ಬಿದ್ರ ಮುಂದಿನ ಪ್ರಶ್ನಿ "ಎಲ್ಲೆಲ್ಲಿ?" ಅಂತ.

ಕುಂದಾ ಪ್ರಿಯ, ಬೆಳಗಾವಿ
ಅಂಡರ್ ದ ಗನ್?

ಏಳು ಪ್ರತಿಧ್ವನಿ, ವಿಜಯಪುರ
ಅಮೆರಿಕದವರ ಮಾತು, ಒತ್ತಡದಲ್ಲಿರೋದು. ಬ್ರಿಟನ್, ಆಸ್ಟ್ರೇಲಿಯಾ ಕಡೆ ಅಂಡರ್ ದ ಪಂಪ್ ಅಂತಾರೆ. ಎರಡನ್ನೂ ಕೇಳಿದಾಗ ತಿಳಿದರೆ ಸಾಕು, ಆಡೋದು ಬೇಕಿಲ್ಲ. ಬಸ್ಟ್ ಎ ಗಟ್ ಥರದವು ಒರಟು. ಸ್ಲೇವ್ ಅವೇ ಗುಲಾಮಗಿರಿಯ ನೆನಪು ತರೋದರಿಂದ ಬಿಟ್ಟೇಬಿಡಿ.

ಸ್ಪರ್ಧಾ ಪರೀಕ್ಷೆ ಓದುವವರೂ ಇದನ್ನ ನೋಡ್ತಿರಬಹುದು, ಅವರಿಗೆ ಒಂದು ಮಾತು. ಎಸ್‌ಎಸ್‌ಸಿಯಲ್ಲಿ (ಕೇಂದ್ರ ಸರಕಾರದ ನೌಕರಿ ಪರೀಕ್ಷೆ) ಕೇಳೋದು ನಿಘಂಟಿನ ಒಂದು ಸಾಲಿನ ಅರ್ಥ, ಮೇಲಿನ ಸೂಕ್ಷ್ಮ ಬೇಡ. ಆಯ್ಕೆಗಳಲ್ಲಿ ಪದಶಃ ಅರ್ಥ ಕೊಟ್ಟದ್ದನ್ನ ಮೊದಲು ಹೊಡೆದು ಹಾಕಿ. ವಿದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬೇರೆ. ಅಲ್ಲಿ ಮಾತಿನ ಪರೀಕ್ಷೆಯ 7ನೇ ಬ್ಯಾಂಡಿನ (ಅಂಕದ ಹಂತದ) ವಿವರಣೆಯಲ್ಲಿ ನುಡಿಗಟ್ಟಿನ ಬಳಕೆಯೂ ಇದೆ, ಶೈಲಿಯ ಅರಿವೂ ಇದೆ. ಹತ್ತು ನುಡಿಗಟ್ಟು ತುರುಕಿದರೆ ಎರಡನೆಯದು ಕೈಬಿಡತದೆ. ಪ್ರಬಂಧದಲ್ಲಿ ಬಳಸದಿರೋದೇ ಕ್ಷೇಮ.

ಘಟಪ್ರಭಾ ದಂಡಿ, ಗೋಕಾಕ
ಭಾಳ ಉಪಕಾರ ಆತ್ರಿ. ಹಂಗಾದ್ರ ಗಿರಾಕಿಗೆ ಬರಿಯೂ ಮೇಲ್‌ನಾಗ ಯಾವ ಯಾವ ನುಡಿಗಟ್ಟು ಇಡಲಿ? ಮಾಲು ಎರಡು ದಿನ ತಡ ಆಗತೈತಿ ಅಂತ ಇಟ್ಟಕೊಳ್ರಿ.

ಮಾರ್ಚ್ ಎಂಡ್, ವಿಜಯಪುರ
ಯಾವುದೂ ಬೇಡ.

ಸಾಣಿಕಲ್ಲು, ಬೆಳಗಾವಿ
ಮಾರ್ಚ್ ಸಾಹೇಬ್ರು ಹೇಳಿದ್ದಕ್ಕ ನಂದೂ ಸಹಿ. ಗಿರಾಕಿಗೆ ನಿಮ್ಮ ಎಣ್ಣಿ, ಮೇಣಬತ್ತಿ ಬೇಕಾಗಿಲ್ಲ, ಅಂಕಿ ಬೇಕು. ಐದು ವಿಷಯ, ಇದ ಕ್ರಮದಾಗ: ಒಟ್ಟು ಎಷ್ಟು, ಮುಗದದ್ದು ಎಷ್ಟು, ಉಳದದ್ದು ಎಷ್ಟು ಮತ್ತು ಯಾವಾಗ, ತಡ ಯಾಕ, ಅವರಿಂದ ಏನರ ಬೇಕೇನು.

"ಆಫ್ ದ 400 ಕಾಸ್ಟಿಂಗ್ಸ್, 260 ಆರ್ ಫೆಟಲ್ಡ್ ಆಂಡ್ ಇನ್‌ಸ್ಪೆಕ್ಟೆಡ್. ದ ರಿಮೇನಿಂಗ್ 140 ವಿಲ್ ಲೀವ್ ಬೆಳಗಾವಿ ಆನ್ 14 ಮಾರ್ಚ್ ಇನ್‌ಸ್ಟೆಡ್ ಆಫ್ 12 ಮಾರ್ಚ್. ಒನ್ ಗ್ರೈಂಡಿಂಗ್ ಮಷೀನ್ ವಾಸ್ ಡೌನ್ ಫಾರ್ ಟೂ ಶಿಫ್ಟ್ಸ್. ಪ್ಲೀಸ್ ಕನ್‌ಫರ್ಮ್ ಇಫ್ ವಿ ಮೇ ಶಿಪ್ ದ 260 ನೌ."

ನಾಲ್ಕ ವಾಕ್ಯ. ಇದರಾಗ "ವಿ ಆರ್ ಪುಲಿಂಗ್ ಔಟ್ ಆಲ್ ದ ಸ್ಟಾಪ್ಸ್" ಸೇರಿಸಿದ್ರ ಅಂಕಿಯ ತೂಕ ಇಳೀತೈತಿ. ಅದನ್ನ ಫೋನಿನ್ಯಾಗ ಅನ್ರಿ, ಅಲ್ಲಿ ದನಿ ಕೆಲಸ ಮಾಡತೈತಿ. ಇಲ್ಲಾ ಮಾಲು ಮುಟ್ಟಿದ ಮ್ಯಾಲೆ ನಿಮ್ಮವರಿಗೆ ಧನ್ಯವಾದ ಹೇಳುವಾಗ ಅನ್ರಿ.

ಮಾರ್ಚ್ ಎಂಡ್, ವಿಜಯಪುರ
ಮೇಲ್‌ನಲ್ಲಿ "ಬೈ ಇಓಡಿ" (ಎಂಡ್ ಆಫ್ ಡೇ) ಅಂತ ಬರೆಯೋದೂ ಬೇಡ. ಯಾರ ದಿನದ ಕೊನೆ? ನ್ಯೂಯಾರ್ಕಿನ ಸಂಜೆ 5 ಅಂದರೆ ಚಳಿಗಾಲದಲ್ಲಿ ನಮಗೆ ಮರುದಿನ ನಸುಕಿನ 3:30, ಬೇಸಿಗೆಯಲ್ಲಿ 2:30. ಜರ್ಮನಿಯ ಸಂಜೆ 5 ಚಳಿಗಾಲದಲ್ಲಿ ನಮ್ಮ ರಾತ್ರಿ 9:30, ಬೇಸಿಗೆಯಲ್ಲಿ 8:30. ಲಂಡನ್ನಿನದು 10:30, ಬೇಸಿಗೆಯಲ್ಲಿ 9:30. ಅವರು ಗಡಿಯಾರ ಬದಲಿಸ್ತಾರ, ನಾವು ಬದಲಿಸೋದಿಲ್ಲ. "ಬೈ 6 ಪಿಎಂ ಇಂಡಿಯನ್ ಟೈಮ್, 14 ಮಾರ್ಚ್" ಅಂತ ಪೂರ್ತಿ ಬರೀರಿ.

ಇಳಕಲ್ ಸೆರಗು, ಬಾಗಲಕೋಟೆ
ಪಾಠದ ಹಂಚಿಕೆಗೆ ಒಂದು ಸಲಹೆ. ಹನ್ನೆರಡು ನುಡಿಗಟ್ಟು ಸಾಕು, ಐವತ್ತು ಬೇಡ. ಆಡಲು ನಾಲ್ಕು: ಅಗೇನ್‌ಸ್ಟ್ ದ ಕ್ಲಾಕ್, ಎ ಲಾಟ್ ಆನ್ ಮೈ ಪ್ಲೇಟ್, ಸ್ವಾಂಪ್ಡ್ ವಿತ್, ಮೀಟ್ ದ ಡೆಡ್‌ಲೈನ್. ಉಳಿದ ಎಂಟು ಕೇಳಿದಾಗ ತಿಳಿಯಲು. ಪ್ರತಿಯೊಂದಕ್ಕೂ ಒಂದು ಚೀಟಿ ಮಾಡಿ; ಮುಂಭಾಗದಲ್ಲಿ ನುಡಿಗಟ್ಟಿನ ಬದಲು ಸಂದರ್ಭ ಬರೆಯಿರಿ: "ಮೇಲಧಿಕಾರಿ ಇನ್ನೊಂದು ಫೈಲ್ ತಂದಿಟ್ಟರು, ನಿಮಗೆ ಆಗುವುದಿಲ್ಲ". ಹಿಂಭಾಗದಲ್ಲಿ ನುಡಿಗಟ್ಟು ಪೂರ್ತಿ ವಾಕ್ಯದಲ್ಲಿ, ದ, ಎ, ವಿತ್ ಯಾವುದನ್ನೂ ಬಿಡದೆ. ಅರ್ಥ ತೋರಿಸಿ ನುಡಿಗಟ್ಟು ಕೇಳಿದರೆ ಮತ್ತೆ ಆ "ಕಷ್ಟಪಟ್ಟು ದುಡಿ" ಗುಂಡಿಗೇ ಬೀಳುತ್ತಾರೆ.

ಘಟಪ್ರಭಾ ದಂಡಿ, ಗೋಕಾಕ
ಹಂಗ ಮಾಡ್ತೀನ್ರೀ ಅಕ್ಕಾರ. ಕಡೀಗೊಂದು. ತಾರೀಖು ಮುಗದs ಹೋತು, ಮಾಲು ಆಮ್ಯಾಲೆ ಹೋತು. ಆಗ "ದ ಡೆಡ್‌ಲೈನ್ ಗಾಟ್ ಮಿಸ್ಡ್" ಅಂತ ಬರದ್ರ ನಡೀತೈತೇನು?

ಏಳು ಪ್ರತಿಧ್ವನಿ, ವಿಜಯಪುರ
ವ್ಯಾಕರಣಕ್ಕೆ ನಡೀತದೆ, ಗಿರಾಕಿಗೆ ನಡೆಯೋದಿಲ್ಲ. "ತಾರೀಖು ತಪ್ಪಿಹೋಯ್ತು" ಅಂದಹಾಗೆ, ಯಾರೂ ತಪ್ಪಿಸಿಲ್ಲ, ತಾನೇ ಹೋಯ್ತು. "ವಿ ಮಿಸ್ಡ್ ದ ಡೆಡ್‌ಲೈನ್ ಬೈ ಟೂ ಡೇಸ್" ಅನ್ನಿ. ಈ ಬೈ ಮೇಲಿನ ಬೈ ಅಲ್ಲ, ಎಷ್ಟು ಅಂತರದಲ್ಲಿ ಅನ್ನೋ ಬೈ. ಅದನ್ನೂ ಒಂದು ಚೀಟಿಗೆ ಹಾಕಿಬಿಡಿ.